ಆರು ಸಂಚಿಕೆಗಳ ದೊರೆ

1957ರ ಜೂನ್ ತಿಂಗಳಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಒಂದು ಪತ್ರಿಕೆ ಹುಟ್ಟಿತು. ಹೆಸರು ‘ಡ್ಯೂಕ್’. ಕರಿಯ ತರುಣರಿಗೆಂದೇ ಹೊರಟ ಶೋಕಿಯ ಪತ್ರಿಕೆ ಅದು. ಬಟ್ಟೆಬರೆ, ಜಾಝ್ ಸಂಗೀತ, ಕತೆ, ಮೋಜಿನ ಮಾತು, ನಡುವೆ ಮೈತೋರುವ ಹೆಣ್ಣಿನ ಚಿತ್ರ. ಆರು ಸಂಚಿಕೆ ಬಂದವು. ಏಳನೆಯದು ಬರಲಿಲ್ಲ. ಅಮೆರಿಕದ ಪತ್ರಿಕೆಗಳ ಚರಿತ್ರೆಯಲ್ಲಿ ಅದಕ್ಕೆ ಸಿಕ್ಕಿರುವುದು ಮೂಲೆಯ ಒಂದಿಷ್ಟು ಜಾಗ.

ಕೂಲಿ, ಭೂಮಿ, ಬಹಿಷ್ಕಾರ, ಹಾಸ್ಟೆಲ್ಲಿನ ಹುಳುಬಿದ್ದ ಅನ್ನ, ಇವನ್ನು ಬರೆಯಬೇಕಾದ ಪುಟದಲ್ಲಿ ಈ ಶೋಕಿಪತ್ರಿಕೆಯ ಪುರಾಣ ಯಾಕೆ ಅಂತ ಸಂಗಾತಿಗಳು ಕೇಳಬಹುದು. ನಾವೂ ಕೇಳಿಕೊಂಡೆವು. ಆದರೆ ಆ ಸತ್ತ ಪತ್ರಿಕೆ ಒಂದು ಪ್ರಶ್ನೆಯನ್ನು ಬಿಟ್ಟು ಹೋಗಿದೆ. ಅದು ಶಿಕಾಗೋದ ಪ್ರಶ್ನೆ ಮಾತ್ರವಲ್ಲ, ನಮ್ಮ ಹಟ್ಟಿಯ ಪ್ರಶ್ನೆಯೂ ಹೌದು. ತುಳಿಸಿಕೊಂಡವನು ಸೊಗಸಾಗಿ ಬದುಕಬೇಕು ಅಂತ ಆಸೆಪಡುವುದು ತಪ್ಪೆ? ತಪ್ಪಲ್ಲ ಅನ್ನುವುದಾದರೆ ಆ ಸೊಗಸಿನ ಕ್ರಯವನ್ನು ಯಾರು ಕೊಡಬೇಕು?

ಮೊದಲು ಹೆಸರಿನಿಂದಲೇ ಶುರುಮಾಡೋಣ. ಡ್ಯೂಕ್ ಅಂದರೆ ಇಂಗ್ಲೆಂಡಿನ ರಾಜಮನೆತನದ ಸುತ್ತಿನ ದೊಡ್ಡ ಪದವಿ. ನಮ್ಮ ಮಾತಿನಲ್ಲಿ ‘ದೊರೆ’ ಅಂತ ಇಟ್ಟುಕೊಳ್ಳಬಹುದು. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಆ ಕಾಲಕ್ಕೆ ಕರಿಯ ಮನುಷ್ಯನಿಗೆ ಎಪ್ಪತ್ತು ವರ್ಷವಾದರೂ ಬಿಳಿಯನ ಬಾಯಲ್ಲಿ ಅವನು ‘ಬಾಯ್’. ಅಂದರೆ ಹುಡುಗ, ‘ಏ ಹೈದ’. ಅವನ ಹೆಸರಿನ ಮುಂದೆ ‘ಮಿಸ್ಟರ್’ ಬರುವಂತಿಲ್ಲ. ಅವನು ಮಾತ್ರ ಬಿಳಿಯರ ಮನೆಯ ಹಾಲುಗಲ್ಲದ ಮಗುವಿಗೂ ‘ಮಿಸ್ಟರ್’ ಸೇರಿಸಿ ಕರೆಯಬೇಕು. ಇಂಥ ಜನ ತಮ್ಮ ಸಂಗೀತಗಾರರನ್ನು ಏನಂತ ಕರೆದರು ನೋಡಿ. ಎಡ್ವರ್ಡ್ ಕೆನಡಿ ಎಲಿಂಗ್ಟನ್ ‘ಡ್ಯೂಕ್’ ಎಲಿಂಗ್ಟನ್ ಆದ. ವಿಲಿಯಂ ಬೇಸಿ ‘ಕೌಂಟ್’ ಬೇಸಿ ಆದ. ಇನ್ನೊಬ್ಬ ನ್ಯಾಟ್ ‘ಕಿಂಗ್’ ಕೋಲ್. ಯಾವ ಸಮಾಜ ‘ಶ್ರೀ’ ಎಂಬ ಒಂದಕ್ಷರವನ್ನೂ ಕೊಡಲಿಲ್ಲವೋ ಆ ಸಮಾಜದ ಎದುರು ಈ ಜನ ತಮ್ಮವರಿಗೆ ತಾವೇ ಪಟ್ಟ ಕಟ್ಟಿದರು. ಇದು ಬರಿಯ ತಮಾಷೆಯಲ್ಲ.

ನಮಗೆ ಇದು ಗೊತ್ತಿಲ್ಲದ ಸಂಗತಿಯೆ? ನಮ್ಮ ಅಪ್ಪಂದಿರನ್ನು ಅವರ ಮೊಮ್ಮಕ್ಕಳ ವಯಸ್ಸಿನ ಗೌಡರ ಹುಡುಗ ‘ಬಾರ್ಲಾ’ ಅನ್ನುವುದನ್ನು ಕೇಳಿಕೊಂಡು ಬೆಳೆದವರು ನಾವು. ಹುಟ್ಟಿದ ಮಗುವಿಗೆ ಒಳ್ಳೆಯ ಹೆಸರಿಟ್ಟರೆ ಅದನ್ನು ಮುರಿದು, ತಿರುಚಿ, ಬಾಲ ಕತ್ತರಿಸಿ ಕೂಗುವ ಊರು ನಮ್ಮದು. ನಮ್ಮಲ್ಲೊಬ್ಬ ಕಾಲೇಜಿಗೆ ಸೇರಿದ ವರ್ಷ ಉಗಾದಿಗೆ ಊರಿಗೆ ಹೋದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಅದನ್ನು ಪ್ಯಾಂಟಿನೊಳಕ್ಕೆ ಸೇರಿಸಿ, ಟೀ ಹೋಟೆಲಿನ ಮುಂದೆ ನಡೆದು ಹೋದ. ಜಗಲಿಯ ಮೇಲೆ ಕೂತವರು ಕೇಳಿದರು: “ಏನ್ ದೊರೆ, ಎಲ್ಲಿಂದ ಬಂತು ಸವಾರಿ?” ಎಲ್ಲರೂ ನಕ್ಕರು. ಬೈಗುಳಕ್ಕೆ ತಿರುಗಿ ಬೈಯಬಹುದು. ‘ದೊರೆ’ ಅಂದವನಿಗೆ ಏನಂತ ಬೈಯುವುದು? ಅವತ್ತು ರಾತ್ರಿ ಅವನು ಅಂಗಿಯನ್ನು ಮಡಿಸಿ ಟ್ರಂಕಿಗೆ ಹಾಕಿದ. ಮಾರನೆಯ ದಿನ ಹಳೆಯ ಪಂಚೆ ಉಟ್ಟ. ತನ್ನ ಮೇಲೆ ಯಾರೂ ಕೈಮಾಡಲಿಲ್ಲವಲ್ಲ, ಆದರೂ ತಾನು ಸೋತದ್ದು ಹೇಗೆ ಅಂತ ಅವನು ಬಹಳ ದಿನ ಯೋಚಿಸುತ್ತಿದ್ದ. ‘ಡ್ಯೂಕ್’ ಎಂಬ ಹೆಸರು ಕಿವಿಗೆ ಬಿದ್ದಾಗ ನಮಗೆ ನೆನಪಾದದ್ದು ಆ ಅಂಗಿ.

ಈಗ ಶಿಕಾಗೋ ನಗರಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕರಿಯರು ದಕ್ಷಿಣ ಸೀಮೆಯ ಹತ್ತಿಹೊಲಗಳನ್ನೂ ಅಲ್ಲಿನ ಹಗ್ಗದ ಕುಣಿಕೆಗಳನ್ನೂ ಬಿಟ್ಟು ಉತ್ತರದ, ಪಶ್ಚಿಮದ ನಗರಗಳಿಗೆ ಗುಳೆ ಹೋದರು. ಹಾಗೆ ಹೋದವರು ತುಂಬಿಕೊಂಡ ಕೇರಿಗಳಲ್ಲಿ ಶಿಕಾಗೋದ ದಕ್ಷಿಣ ಭಾಗವೂ ಒಂದು. ಅಲ್ಲಿ ಜಾನ್ ಜಾನ್ಸನ್ ಎಂಬ ತರುಣ 1942ರಲ್ಲಿ ಪತ್ರಿಕೆ ಮಾಡುತ್ತೇನೆ ಅಂತ ಹೊರಟ. ಬ್ಯಾಂಕಿನವರು ಕರಿಯರಿಗೆ ಸಾಲವಿಲ್ಲ ಅಂದರು. ಕೊನೆಗೆ ಅವನ ತಾಯಿ ತನ್ನ ಮನೆಯ ಮೇಜು ಕುರ್ಚಿಗಳನ್ನು ಅಡವಿಟ್ಟು 500 ಡಾಲರ್ ಕೊಡಿಸಿದಳು. ಆ ಹಣದಲ್ಲಿ ‘ನೀಗ್ರೋ ಡೈಜೆಸ್ಟ್’ ಹುಟ್ಟಿತು. 1945ರಲ್ಲಿ ‘ಎಬೊನಿ’, 1951ರಲ್ಲಿ ‘ಜೆಟ್’ ಬಂದವು. ಅದೇ ನಗರದಲ್ಲಿ 1953ರಲ್ಲಿ ಹ್ಯೂ ಹೆಫ್ನರ್ ಎಂಬ ಬಿಳಿಯ ತರುಣ ತನ್ನ ಮನೆಯ ಸಾಮಾನು ಅಡವಿಟ್ಟು 600 ಡಾಲರ್ ತಂದ. ‘ಪ್ಲೇಬಾಯ್’ ಹುಟ್ಟಿತು. ಮದುವೆಯಾಗದ, ದುಡ್ಡಿರುವ, ಒಳ್ಳೆಯ ಬಟ್ಟೆ ತೊಡುವ, ಹೆಣ್ಣನ್ನು ನಾಚಿಕೆಯಿಲ್ಲದೆ ನೋಡುವ ತರುಣನೇ ಆಧುನಿಕ ಮನುಷ್ಯ ಅಂತ ಅದು ಸಾರಿತು. ಆ ತರುಣನ ಮುಖ ಬಿಳಿಯದು ಅಂತ ಬೇರೆ ಹೇಳಬೇಕಾಗಿರಲಿಲ್ಲ. ಅದರ ನಡುಪುಟದ ಚಿತ್ರಕ್ಕೆ ಒಬ್ಬ ಕರಿಯ ಹೆಣ್ಣು ಬಂದದ್ದೇ 1965ರಲ್ಲಿ.

‘ಡ್ಯೂಕ್’ ಹುಟ್ಟಿದ್ದು ಈ ಪೇಟೆಯಲ್ಲಿ. ಅದರ ಸಂಪಾದಕ ಡ್ಯಾನ್ ಬರ್ಲಿ ಸಾಮಾನ್ಯನಲ್ಲ. ಪಿಯಾನೋ ನುಡಿಸುತ್ತಿದ್ದವನು, ನ್ಯೂಯಾರ್ಕಿನ ‘ಆಮ್‌ಸ್ಟರ್‌ಡ್ಯಾಂ ನ್ಯೂಸ್’ ಎಂಬ ಕರಿಯರ ಪತ್ರಿಕೆಯಲ್ಲಿ ಪಳಗಿದವನು. ಹಾರ್ಲೆಮ್ ಕೇರಿಯ ಬೀದಿಮಾತಿಗೆ 1944ರಲ್ಲೇ ಒಂದು ಕೈಪಿಡಿ ಬರೆದವನು. ಕೇರಿಯ ಮಾತು ಅಚ್ಚಿಗೆ ಯೋಗ್ಯ ಅಂತ ತೋರಿಸುವುದು ಎಂಥ ಕೆಲಸ ಅಂತ 1973ರ ‘ದ್ಯಾವನೂರು’, 1975ರ ‘ಹೊಲೆಮಾದಿಗರ ಹಾಡು’ ಓದಿದ ನಮಗೆ ವಿವರಿಸಬೇಕಿಲ್ಲ. ಅಂಥವನು ಶೋಕಿಪತ್ರಿಕೆಯ ಕುರ್ಚಿಯಲ್ಲಿ ಕೂತಿದ್ದ ಅಂದಾಗ ಅದನ್ನು ಬರೀ ಹೊಲಸು ಅಂತ ಎತ್ತಿ ಎಸೆಯಲು ನಮಗೆ ಕೈ ಬರುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಪತ್ರಿಕೆ ಹುಟ್ಟುವುದಕ್ಕೆ ಎರಡು ವರ್ಷ ಮುಂಚೆ, 1955ರ ಆಗಸ್ಟ್‌ನಲ್ಲಿ, ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಶಿಕಾಗೋ ಹುಡುಗ ರಜೆಗೆ ಅಂತ ಮಿಸಿಸಿಪಿಯ ನೆಂಟರ ಮನೆಗೆ ಹೋದ. ಅಲ್ಲೊಂದು ಅಂಗಡಿಯಲ್ಲಿ ಬಿಳಿಯ ಹೆಂಗಸನ್ನು ನೋಡಿ ಸಿಳ್ಳೆ ಹಾಕಿದ ಅಂತ ಅವನ ಮೇಲೆ ಆಪಾದನೆ. ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಕೊಂದು ನದಿಗೆ ಎಸೆದರು. ತಾಯಿ ಮೇಮಿ ಟಿಲ್ ಪೆಟ್ಟಿಗೆಯನ್ನು ಮುಚ್ಚಬೇಡಿ, ನನ್ನ ಮಗನಿಗೆ ಏನು ಮಾಡಿದ್ದಾರೆ ಅಂತ ಲೋಕ ನೋಡಲಿ ಅಂದಳು. ಆ ಮುಖದ ಚಿತ್ರವನ್ನು ‘ಜೆಟ್’ ಅಚ್ಚುಹಾಕಿತು. ಬಿಳಿಯರೇ ಕೂತಿದ್ದ ಜ್ಯೂರಿ ಆರೋಪಿಗಳನ್ನು ಬಿಟ್ಟು ಕಳಿಸಿತು. ಕರಿಯ ಗಂಡಸಿನ ಕಣ್ಣು ಯಾವ ಕಡೆ ಹೊರಳಿತು ಅನ್ನುವುದಕ್ಕೂ ಮರಣದಂಡನೆ ಇದ್ದ ದೇಶ ಅದು. ಅಂಥ ಕಡೆ ‘ನನಗೂ ಆಸೆ ಇದೆ, ನನಗೂ ಕಣ್ಣಿದೆ’ ಅಂತ ಒಬ್ಬ ಕರಿಯ ತರುಣ ಪತ್ರಿಕೆಯ ಪುಟದಲ್ಲಿ ನಿಂತು ಹೇಳುವುದು ಸಣ್ಣ ಮಾತಲ್ಲ.

ಬಟ್ಟೆಯೂ ಅಲ್ಲಿ ಸಣ್ಣ ಮಾತಲ್ಲ. 1943ರ ಜೂನ್‌ನಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ನಾವಿಕರೂ ಸೈನಿಕರೂ ಗುಂಪುಕಟ್ಟಿಕೊಂಡು ಬೀದಿಗಿಳಿದರು. ಉದ್ದ ಕೋಟು, ದೊಗಲೆ ಪ್ಯಾಂಟಿನ ‘ಝೂಟ್ ಸೂಟು’ ತೊಟ್ಟ ಮೆಕ್ಸಿಕನ್ ಮೂಲದ ತರುಣರನ್ನೂ ಕರಿಯ ತರುಣರನ್ನೂ ಹಿಡಿದು ಹೊಡೆದರು, ನಡುಬೀದಿಯಲ್ಲಿ ಬಟ್ಟೆ ಹರಿದು ಬೆತ್ತಲೆ ಮಾಡಿದರು. ಯುದ್ಧಕಾಲದಲ್ಲಿ ಬಟ್ಟೆ ಪೋಲು ಮಾಡುವ ದೇಶದ್ರೋಹಿಗಳು ಅನ್ನುವುದು ನೆಪ. ಇವರಿಗೆ ಇಷ್ಟೊಂದು ಬಟ್ಟೆ ಯಾಕೆ ಅನ್ನುವುದು ಒಳಗಿನ ಉರಿ.

ಈ ಉರಿ ನಮ್ಮ ದೇಶದಲ್ಲಿ ಆರಿದೆಯೆ? 2017ರಲ್ಲಿ ಗುಜರಾತಿನ ಗಾಂಧಿನಗರದ ಹತ್ತಿರದ ಹಳ್ಳಿಯಲ್ಲಿ ಮೀಸೆ ಬಿಟ್ಟರು ಅಂತ ದಲಿತ ಯುವಕರ ಮೇಲೆ ಹಲ್ಲೆಯಾಯಿತು. ಆಮೇಲೆ ಆ ರಾಜ್ಯದ ದಲಿತ ಹುಡುಗರು ಸುಮ್ಮನಿರಲಿಲ್ಲ. ಮೀಸೆಯ ಗುರುತು, ಅದರ ಜೊತೆಗೊಂದು ಕಿರೀಟ, ‘ಮಿಸ್ಟರ್ ದಲಿತ್’ ಎಂಬ ಬರಹ, ಇವನ್ನು ತಮ್ಮ ವಾಟ್ಸಾಪ್ ಚಿತ್ರವಾಗಿ ಇಟ್ಟುಕೊಂಡರು. ಮಿಸ್ಟರ್ ಮತ್ತು ಕಿರೀಟ! ಶಿಕಾಗೋದ ‘ಡ್ಯೂಕ್’ ಹೆಸರನ್ನೇ ಕೇಳದ ಹುಡುಗರು ಅರವತ್ತು ವರ್ಷದ ಮೇಲೆ ಅದೇ ಜಾಗಕ್ಕೆ ಬಂದು ನಿಂತಿದ್ದರು. 2018ರ ಮಾರ್ಚ್‌ನಲ್ಲಿ ಅದೇ ರಾಜ್ಯದ ಭಾವನಗರ ಜಿಲ್ಲೆಯಲ್ಲಿ ಕುದುರೆ ಸಾಕಿ ಸವಾರಿ ಮಾಡುತ್ತಿದ್ದ 21 ವರ್ಷದ ದಲಿತ ಯುವಕನ ಕೊಲೆಯಾಯಿತು. ಸೊಗಸು ಅನ್ನುವುದು ಹೊಟ್ಟೆತುಂಬಿದವರ ಚಟ ಅನ್ನುವವರು ಈ ಎರಡು ಸುದ್ದಿಗಳನ್ನು ಪಕ್ಕದಲ್ಲಿಟ್ಟುಕೊಂಡು ಮಾತಾಡಲಿ.

ನಮ್ಮ ಚಳವಳಿಯ ಹಿರಿಯರಲ್ಲಿ ಕೆಲವರು ಸರಳತೆಯ ಪಾಠ ಹೇಳುತ್ತಾರೆ. ಅವರ ಮೇಲೆ ಗೌರವ ಇಟ್ಟುಕೊಂಡೇ ಒಂದು ಮಾತು. ಗಾಂಧಿ 1921ರ ಸೆಪ್ಟೆಂಬರ್‌ನಲ್ಲಿ ಮಧುರೈಯಲ್ಲಿ ತುಂಡು ಬಟ್ಟೆಗೆ ಇಳಿದರು. ಅವರ ಪೆಟ್ಟಿಗೆಯಲ್ಲಿ ಲಂಡನ್ನಿನ ಸೂಟು ಇದ್ದ ಕಾಲ ಒಂದಿತ್ತು. ಇದ್ದದ್ದನ್ನು ಬಿಟ್ಟರೆ ತ್ಯಾಗ. ನಮ್ಮ ತಾತ ಹುಟ್ಟಿನಿಂದ ಸಾಯುವವರೆಗೆ ಲಂಗೋಟಿಯಲ್ಲೇ ಇದ್ದ. ಅವನನ್ನು ಯಾರೂ ಮಹಾತ್ಮ ಅನ್ನಲಿಲ್ಲ. ಬಾಬಾಸಾಹೇಬರು ಸೂಟು ತೊಟ್ಟರು. ಅಷ್ಟೇ ಅಲ್ಲ, 1927ರ ಡಿಸೆಂಬರ್‌ನಲ್ಲಿ ಮಹಾಡಿನಲ್ಲಿ ಸೇರಿದ್ದ ನಮ್ಮ ಹೆಣ್ಣುಮಕ್ಕಳಿಗೆ, ನಿಮ್ಮ ಜಾತಿಯನ್ನು ಸಾರಿ ಹೇಳುವ ಬಗೆಯ ಸೀರೆ, ಒಡವೆ ಬಿಡಿ, ಮೇಲ್ಜಾತಿಯವರು ಉಡುವಂತೆ ಪೂರ್ತಿ ಸೀರೆ ಉಡಿ ಅಂದರು. ಬಟ್ಟೆ ನಮ್ಮ ಮೈಮೇಲೆ ಅವರು ಬರೆದ ಶಾಸನ ಅಂತ ಅವರಿಗೆ ಗೊತ್ತಿತ್ತು. ಅಳಿಸಿ ಅಂದರು. ಆದ್ದರಿಂದ ಒಳ್ಳೆಯ ಅಂಗಿಯ ಆಸೆ ಪಾಪವಲ್ಲ. ಅದಕ್ಕೆ ನಾವು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಇಷ್ಟು ಹೇಳಿ ಮುಗಿಸಿಬಿಟ್ಟಿದ್ದರೆ ನಮಗೂ ಹಿತವಾಗಿರುತ್ತಿತ್ತು. ಆದರೆ ಮುಗಿಯುವುದಿಲ್ಲ. ಆ ಪತ್ರಿಕೆಯ ನಡುವಿನ ಪುಟ ಉಳಿದಿದೆ.

‘ಪ್ಲೇಬಾಯ್’ ತೋರಿದ ದಾರಿಯಲ್ಲೇ ‘ಡ್ಯೂಕ್’ ಕೂಡ ಹೆಣ್ಣಿನ ಮೈಯನ್ನು ಪುಟದಲ್ಲಿ ಹಾಸಿತು. ಗಂಡಸು ಡ್ಯೂಕ್ ಆದ ಮೇಲೆ ಚಿತ್ರದ ಆ ಹೆಣ್ಣಿಗೆ ‘ಡಚೆಸ್’ ಎಂಬ ಬಿರುದು. ದೊರೆಗೆ ದೊರೆಸಾನಿ. ಗಂಡಸಿನ ಬಿರುದು ಅವನಿಗೆ ಕೋಟು ತೊಡಿಸಿತು, ಹೆಣ್ಣಿನ ಬಿರುದು ಅವಳ ಬಟ್ಟೆ ಬಿಚ್ಚಿಸಿತು. ಅವಳ ಅಜ್ಜಿಯ ಅಜ್ಜಿಯನ್ನು ಹರಾಜುಕಟ್ಟೆಯ ಮೇಲೆ ನಿಲ್ಲಿಸಿ, ಹಲ್ಲು ನೋಡಿ, ಮೈ ಮುಟ್ಟಿ ಬೆಲೆ ಕಟ್ಟಿದ ದೇಶ ಅದು. ಒಡೆಯ ಮನಬಂದಂತೆ ಎಳೆದುಕೊಂಡು ಹೋಗುತ್ತಿದ್ದ ಆ ಮೈಯನ್ನು ಈಗ ಅವಳ ಅಣ್ಣತಮ್ಮಂದಿರೇ, ತಮ್ಮ ಬಿಡುಗಡೆಯ ಗುರುತು ಅಂತ, ಕಾಸು ಕೊಟ್ಟು ತಿರುವಿ ನೋಡುವ ಹಾಗಾಯಿತು. ಚಿತ್ರಕ್ಕೆ ನಿಂತವಳು ಒಪ್ಪಿಯೇ ನಿಂತಿರಬಹುದು, ಕೂಲಿ ಸಿಕ್ಕಿರಬಹುದು. ಅವಳನ್ನು ನಾವು ಬೈಯುವುದಿಲ್ಲ. ಬೈಯುವ ಯೋಗ್ಯತೆ ನಮಗಿಲ್ಲ. ನಾವು ಕೇಳುವುದು ನೋಡುವವನನ್ನು: ಬಿಳಿಯನ ಸರಿಸಮ ಆಗಬೇಕು ಅಂದರೆ ಅವನ ಹಕ್ಕು ಬೇಕು ಅಂತಲೋ, ಅವನ ಕಣ್ಣು ಬೇಕು ಅಂತಲೋ?

ಬಿರುದು ಕೊಟ್ಟು ಮೈ ಕಸಿಯುವುದು ನಮಗೆ ಹೊಸದಲ್ಲ. ನಮ್ಮ ಹಟ್ಟಿಯ ಹೆಣ್ಣುಮಗುವಿಗೆ ಮುತ್ತುಕಟ್ಟಿ ‘ನಿತ್ಯಸುಮಂಗಲಿ’ ಅಂದರು. ಎಂಥ ಚೆಂದದ ಮಾತು! ಅರ್ಥ ಮಾತ್ರ ಊರ ಗೌಡನಿಗೆ, ಪೂಜಾರಿಗೆ, ಕಾಸಿದ್ದವನಿಗೆ ಗೊತ್ತಿತ್ತು. 1982ರಲ್ಲಿ ಕರ್ನಾಟಕ ಸರ್ಕಾರ ಕಾಯಿದೆ ತಂದು ಅದನ್ನು ನಿಷೇಧಿಸಬೇಕಾಯಿತು. ಕಾಯಿದೆ ಬಂತು ಅಂತ ಸವದತ್ತಿಯ ಗುಡ್ಡ ಹತ್ತಿದ ಹೆಣ್ಣುಮಕ್ಕಳ ಕಣ್ಣೀರು ಒಂದೇ ದಿನಕ್ಕೆ ಬತ್ತಲಿಲ್ಲ. ಮೇಲ್ಜಾತಿಯವರು ನಮ್ಮ ಅಕ್ಕಂದಿರಿಗೆ ದೇವರ ಹೆಸರಲ್ಲಿ ಮಾಡಿದ್ದನ್ನು ನಾವು ಆಧುನಿಕತೆಯ ಹೆಸರಲ್ಲಿ, ಫ್ಯಾಷನ್ನಿನ ಹೆಸರಲ್ಲಿ, ನಮ್ಮ ಕೈಯಾರೆ ಮಾಡಿದರೆ ಅದನ್ನು ಏನಂತ ಕರೆಯಬೇಕು?

ದೂರದ ಡ್ಯೂಕನನ್ನು ಕಟಕಟೆಗೆ ಹತ್ತಿಸುವುದು ಸುಲಭ. ನಮ್ಮ ಕಟ್ಟೆಗೆ ಬರೋಣ. ಟ್ರಂಕಿಗೆ ಹೋದ ಆ ಬಿಳಿ ಅಂಗಿಯ ಮಾತು ಹೇಳಿದೆವಲ್ಲ, ಅದನ್ನು ಒಗೆದವರು ಯಾರು? ಅವ್ವ. ಕೂಲಿ ಮುಗಿಸಿ ಬಂದು, ಕೆರೆಯ ಕೆಳಗಣ ಕಾಲುವೆಗೆ ಹೋಗಿ, ಅಲ್ಲಿಯೂ ನಮ್ಮವರಿಗೆ ಅಂತ ಬಿಟ್ಟ ಕೆಳಗಿನ ಕಲ್ಲಿನ ಮೇಲೆ ಒಗೆದವಳು. ಅವಳ ಹತ್ತಿರ ಇದ್ದದ್ದು ಎರಡು ಸೀರೆ. ಒಂದರ ಸೆರಗು ಹರಿದಿತ್ತು. ಜಗಲಿಯವರ ನಗೆಗೆ ನಮ್ಮವನು ಅವಮಾನದಿಂದ ಸುಟ್ಟುಹೋದ. ಅವ್ವನ ಸೆರಗು ನೋಡಿ ಮಾತ್ರ ಯಾವತ್ತೂ ಸುಟ್ಟುಹೋಗಿರಲಿಲ್ಲ. ತಂಗಿ ಏಳನೇ ತರಗತಿಗೆ ಶಾಲೆ ಬಿಟ್ಟಳು. ಇಬ್ಬರನ್ನೂ ಓದಿಸಲು ಆಗುವುದಿಲ್ಲ ಅಂತ ಅಪ್ಪ ಅಂದಾಗ ಕಾಲೇಜಿನ ಪ್ಯಾಂಟು ಹೊಲಿಸಿಕೊಂಡವನು ಬಾಯಿ ಬಿಡಲಿಲ್ಲ. ನಮ್ಮ ಘನತೆಯ ಲೆಕ್ಕ ಬರೆದರೆ ಖರ್ಚಿನ ಪುಟದಲ್ಲಿ ಇವರ ಹೆಸರಿದೆ. ಜಾನ್ಸನ್ನನ ತಾಯಿ ಅಡವಿಟ್ಟ ಮೇಜು ಕುರ್ಚಿಯ ಕತೆ ಓದುವಾಗ ನಮ್ಮ ಕಣ್ಣು ತುಂಬುತ್ತದೆ. ಅಡವಿಟ್ಟ ತಾಯಿಗೆ ಆ ಪತ್ರಿಕೆಗಳ ಲೋಕದಲ್ಲಿ ಎಷ್ಟು ಪುಟ ಸಿಕ್ಕಿತು ಅಂತ ಕೇಳುವುದು ಮರೆತುಹೋಗುತ್ತದೆ.

ಇನ್ನೊಂದು ತೊಡಕು ದುಡ್ಡಿನದು. ಇಂಥ ಪತ್ರಿಕೆಗಳು ಓದುಗ ಕೊಡುವ ಕಾಸಿನಿಂದ ಬದುಕುವುದಿಲ್ಲ, ಜಾಹೀರಾತಿನಿಂದ ಬದುಕುತ್ತವೆ. ‘ಎಬೊನಿ’ಯಂಥ ‘ಎಬೊನಿ’ಯೂ ದೊಡ್ಡ ಕಂಪನಿಗಳ ಜಾಹೀರಾತಿಗಾಗಿ ಅಲೆಯಬೇಕಾಯಿತು. 1947ರಲ್ಲಿ ಜಾನ್ಸನ್ ಜೆನಿತ್ ರೇಡಿಯೋ ಕಂಪನಿಯ ಮುಖ್ಯಸ್ಥನನ್ನೇ ಹೋಗಿ ಕಂಡು ಒಪ್ಪಿಸಿದ ಮೇಲೆ ದಾರಿ ತೆರೆಯಿತು. ನಮ್ಮಲ್ಲೂ ಇದೇ ಕತೆ. 1920ರ ಜನವರಿ 31ರಂದು ಬಾಬಾಸಾಹೇಬರು ‘ಮೂಕನಾಯಕ’ ಹೊರಡಿಸಿದಾಗ ಅದರ ಜಾಹೀರಾತನ್ನು, ದುಡ್ಡು ಕೊಡುತ್ತೇವೆ ಅಂದರೂ, ‘ಕೇಸರಿ’ ಅಚ್ಚುಹಾಕಲಿಲ್ಲ. ಕರಿಯರ ಕಾಸು ಬೇಕು, ಕರಿಯರ ಪಕ್ಕ ತನ್ನ ಸರಕಿನ ಹೆಸರು ಬೇಡ ಅನ್ನುವ ಮಾರುಕಟ್ಟೆಯನ್ನು ನಂಬಿ ಶೋಕಿಯ ಪತ್ರಿಕೆ ನಡೆಸುವುದು ಮರಳಿನ ಮೇಲೆ ಉಪ್ಪರಿಗೆ ಕಟ್ಟಿದ ಹಾಗೆ.

ಅದೇ 1957ರಲ್ಲಿ ಹಾವರ್ಡ್ ವಿಶ್ವವಿದ್ಯಾಲಯದ ಕರಿಯ ಸಮಾಜಶಾಸ್ತ್ರಜ್ಞ ಇ. ಫ್ರಾಂಕ್ಲಿನ್ ಫ್ರೇಜಿಯರ್ ತಮ್ಮ ‘ಬ್ಲ್ಯಾಕ್ ಬೂರ್ಜ್ವಾಸಿ’ ಪುಸ್ತಕವನ್ನು ಇಂಗ್ಲಿಷಿನಲ್ಲಿ ಹೊರತಂದರು. ಕರಿಯರ ಮಧ್ಯಮವರ್ಗ ತನ್ನ ಪತ್ರಿಕೆಗಳ ಮೂಲಕ ಒಂದು ಸುಳ್ಳುಲೋಕ ಕಟ್ಟಿಕೊಂಡಿದೆ, ಅದರಲ್ಲಿ ತಾನು ದೊಡ್ಡವನು ಅಂತ ಆಟವಾಡುತ್ತಿದೆ ಅನ್ನುವುದು ಅವರ ವಾದ. ಮಾತು ಕಟುವಾಗಿದೆ, ಆದರೆ ಮನೆಯವರೇ ಆಡಿದ ಮಾತು. ಅದಕ್ಕೆ ಕಿವಿಗೊಡಬೇಕು. ಡ್ಯೂಕನಂತೆ ಸಿಂಗರಿಸಿಕೊಂಡ ತರುಣ 1957ರಲ್ಲಿ ದಕ್ಷಿಣ ಸೀಮೆಗೆ ರೈಲಿನಲ್ಲಿ ಹೋಗಿ ಇಳಿದರೆ ಅವನ ಕೋಟಿಗೆ ಅಲ್ಲಿ ಕೂರಲು ಕುರ್ಚಿ ಇರಲಿಲ್ಲ. ಹೋಟೆಲಿನಲ್ಲಿ ಕಾಫಿ ಇರಲಿಲ್ಲ. ಕೋಟು ಅಂಗಡಿಯಲ್ಲಿ ಸಿಗುತ್ತದೆ. ಕುರ್ಚಿ ಸಿಗುವುದಿಲ್ಲ. ಕುರ್ಚಿಗೆ ಬೇರೆಯೇ ದಾರಿ.

ಆ ದಾರಿ ಅದೇ ವರ್ಷ ತೆರೆಯುತ್ತಿತ್ತು. 1957ರ ಸೆಪ್ಟೆಂಬರ್ 4ರಂದು, ಡ್ಯೂಕ್ ಹುಟ್ಟಿ ಮೂರು ತಿಂಗಳಾಗಿದ್ದಾಗ, ಆರ್ಕನ್ಸಾ ರಾಜ್ಯದ ಲಿಟ್ಲ್ ರಾಕ್ ಊರಿನಲ್ಲಿ ಎಲಿಜಬೆತ್ ಎಕ್‌ಫರ್ಡ್ ಎಂಬ ಹದಿನೈದು ವರ್ಷದ ಹುಡುಗಿ ಬಿಳಿಯರ ಹೈಸ್ಕೂಲಿಗೆ ಹೊರಟಳು. ಶಾಲೆಯ ಮೊದಲ ದಿನಕ್ಕೆ ಅಂತ ಅವಳು ತನ್ನ ಉಡುಪನ್ನು ತಾನೇ ಹೊಲಿದುಕೊಂಡಿದ್ದಳು. ಒಬ್ಬಳೇ. ಎದುರಿಗೆ ಬಂದೂಕು ಹಿಡಿದ ರಾಜ್ಯದ ಸೈನಿಕರು, ಹಿಂದೆ ಕಿರುಚುವ ಬಿಳಿಯರ ಗುಂಪು. ಆ ಚಿತ್ರ ಲೋಕವೆಲ್ಲ ಹರಡಿತು. ಎದೆಗವಚಿದ ಪುಸ್ತಕ, ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಬಟ್ಟೆ. ಸೊಗಸು ಅಂದರೆ ಇದು ಅಂತ ನಮಗೆ ಅನ್ನಿಸುತ್ತದೆ. ಹೊಸ ಉಡುಪಿನ ಆಸೆ ಅವಳಿಗೂ ಇತ್ತು, ಹದಿನೈದರ ಹುಡುಗಿಗೆ ಇರಬೇಕಾದ್ದೇ. ಆದರೆ ಆ ಉಡುಪು ಯಾರ ಮೈಯನ್ನೂ ಮಾರಿ ಬಂದದ್ದಲ್ಲ. ಅವಳು ಅದನ್ನು ತೊಟ್ಟು ಹೋದದ್ದು ತನಗೆ ಬೇಡವೆಂದು ಹೇಳಿದ್ದ ಬಾಗಿಲಿಗೆ.

ಮೂರು ವರ್ಷದ ಮೇಲೆ, 1960ರ ಫೆಬ್ರವರಿ 1ರಂದು, ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ವರು ಕರಿಯ ಕಾಲೇಜು ಹುಡುಗರು ವುಲ್‌ವರ್ತ್ ಅಂಗಡಿಯ ತಿಂಡಿಕಟ್ಟೆಯಲ್ಲಿ ಕೂತು ಕಾಫಿ ಕೇಳಿದರು. ಒಳ್ಳೆಯ ಬಟ್ಟೆಯಲ್ಲೇ ಹೋಗಿದ್ದರು. ಕಾಫಿ ಕೊಡಲಿಲ್ಲ, ಅವರು ಏಳಲಿಲ್ಲ. ಈ ಹೋರಾಟ ಊರಿಂದೂರಿಗೆ ಹಬ್ಬಿತು. 1963ರ ಮೇ ತಿಂಗಳಲ್ಲಿ ಮಿಸಿಸಿಪಿಯ ಜ್ಯಾಕ್ಸನ್‌ನಲ್ಲಿ ಹೀಗೆ ಕೂತವರ ತಲೆಯ ಮೇಲೆ, ಬಟ್ಟೆಯ ಮೇಲೆ ಸಾಸು, ಸಾಸಿವೆ, ಸಕ್ಕರೆ ಸುರಿದರು. ಹಾಗೆ ಕೂತವರಲ್ಲಿ ಆನ್ ಮೂಡಿ ಎಂಬ ತರುಣಿಯೂ ಇದ್ದಳು. ಗಂಡಸಿನ ಪಕ್ಕದ ಕುರ್ಚಿಯಲ್ಲಿ, ಸರಿಸಮವಾಗಿ. ಅದೇ ವರ್ಷ ಬರ್ಮಿಂಗ್‌ಹ್ಯಾಂನಲ್ಲಿ ಇನ್ನೊಂದು ಬಗೆ. ಈಸ್ಟರ್ ಹಬ್ಬಕ್ಕೆ ಹೊಸಬಟ್ಟೆ ಕೊಳ್ಳುವ ಕಾಲ. ಕರಿಯರು ಪೇಟೆಯ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. ಮಾರ್ಟಿನ್ ಲೂಥರ್ ಕಿಂಗ್ ಅವರು ಸೂಟು ಬಿಟ್ಟು ಕೆಲಸಗಾರರ ಡೆನಿಮ್ ಬಟ್ಟೆಯಲ್ಲಿ ಬೀದಿಗಿಳಿದು ಜೈಲಿಗೆ ಹೋದರು. ಇಲ್ಲಿ ನೋಡಿ, ತೊಡಲೂ ಗೊತ್ತಿದ್ದ ಜನ, ಬಿಡಲೂ ಗೊತ್ತಿದ್ದ ಜನ. ಯಾವಾಗ ತೊಡಬೇಕು, ಯಾವಾಗ ಬಿಡಬೇಕು ಅನ್ನುವುದನ್ನು ಜಾಹೀರಾತಿನವನು ಹೇಳಲಿಲ್ಲ, ಅವರೇ ಕೂಡಿ ತೀರ್ಮಾನಿಸಿದರು.

ಹಾಗಾದರೆ ನಾವು ಹೇಳುವುದಿಷ್ಟು. ಡ್ಯೂಕ್ ಪತ್ರಿಕೆ ಆಸೆಪಟ್ಟದ್ದು ತಪ್ಪಲ್ಲ. ದೊರೆಯಾಗಬೇಕು ಅಂದುಕೊಂಡಾಗ, ಇದ್ದ ದೊರೆಗಳ ಮಾದರಿಯನ್ನೇ ಎತ್ತಿಕೊಂಡದ್ದು ತಪ್ಪು. ದೊರೆ ಇದ್ದ ಕಡೆ ಆಳು ಇರಲೇಬೇಕು. ಹೊರಗೆ ಆಳು ಸಿಗದವನು ಮನೆಯೊಳಗೆ ಹುಡುಕುತ್ತಾನೆ, ಮತ್ತು ಮನೆಯೊಳಗೆ ಸಿಗುವವಳು ಹೆಣ್ಣು. ಘನತೆ ಅನ್ನುವುದು ಒಬ್ಬೊಬ್ಬರೇ ಕೊಂಡು ತೊಡುವ ಕೋಟಲ್ಲ. ಇಡೀ ಹಟ್ಟಿಗೆ ಒಟ್ಟಿಗೆ ಬರಬೇಕಾದ ನೀರಿನ ಹಾಗೆ ಅದು. ಒಂದು ಮನೆಗೆ ಬಂದು ಇನ್ನೊಂದಕ್ಕೆ ಬರದಿದ್ದರೆ, ಗಂಡಸು ಕುಡಿದು ಹೆಂಗಸು ಹೊತ್ತರೆ, ಅದು ಬಂದಂತಲ್ಲ.

ಈ ಕರಿಯ ಜನರಿಗೂ ನಮಗೂ ಇರುವ ನಂಟು ಇವತ್ತಿನದಲ್ಲ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಹಾರ್ಲೆಮ್ಮಿನ ಮಗ್ಗುಲಲ್ಲೇ ಇದೆ. 1946ರಲ್ಲಿ ಅವರು ಡು ಬಾಯ್ಸ್ ಅವರಿಗೆ ಕಾಗದ ಬರೆದು ನಿಮ್ಮ ಪಾಡು ನಮ್ಮ ಪಾಡು ಒಂದೇ ಬಗೆಯದು ಅಂತ ತಿಳಿಸಿದರು. 1972ರಲ್ಲಿ ಬೊಂಬಾಯಿಯ ದಲಿತ ತರುಣರು ತಮ್ಮನ್ನು ‘ಪ್ಯಾಂಥರ್’ ಅಂತ ಕರೆದುಕೊಂಡದ್ದು ಅವರಿಂದಲೇ. ಅವರ ಗೆಲುವಿನಿಂದ ಕಲಿತಿದ್ದೇವೆ. ಅವರ ಒಂದು ಸೋಲಿನಿಂದಲೂ ಕಲಿಯೋಣ.

ಪತ್ರಿಕೆ ಆರೇ ಸಂಚಿಕೆಗೆ ನಿಂತಿತು ಅಂತ ನಗುವ ಅಧಿಕಾರ ನಮಗಿಲ್ಲ. ‘ಮೂಕನಾಯಕ’ವೇ ಹೆಚ್ಚು ವರ್ಷ ಬಾಳಲಿಲ್ಲ. ಹಳ್ಳಿ ಮೇಷ್ಟ್ರುಗಳ ಸಂಬಳದಲ್ಲಿ ಉಳಿದ ಹತ್ತು ಇಪ್ಪತ್ತು ರೂಪಾಯಿ ಕೂಡಿಸಿ ಹೊರಡುವ ನಮ್ಮ ಇಂಥ ಪುಟಗಳೂ ಯಾವತ್ತು ನಿಲ್ಲುತ್ತವೋ ಗೊತ್ತಿಲ್ಲ. ನಿಂತರೆ ನಾಚಿಕೆಯಿಲ್ಲ. ನಿಲ್ಲುವ ಮೊದಲು ಯಾರ ಮಾತನ್ನು ಅಚ್ಚುಹಾಕಿದೆವು, ಯಾರ ಬಾಯಿ ಮುಚ್ಚಿಸಿದೆವು ಅನ್ನುವ ಲೆಕ್ಕ ಮಾತ್ರ ಉಳಿಯುತ್ತದೆ. ಈ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹರಡಿಕೊಂಡು ಹೆಸರುಗಳನ್ನು ಎಣಿಸಿದೆವು. ಹೆಣ್ಣನ್ನು ಕುರಿತ ಪದ್ಯಗಳು ಬೇಕಾದಷ್ಟಿವೆ. ಅವ್ವನ ಬೆವರು, ಅಕ್ಕನ ಕಣ್ಣೀರು, ತಂಗಿಯ ಹರಿದ ಲಂಗ ಎಲ್ಲ ಇವೆ. ಬರೆದವರೆಲ್ಲ ನಾವೇ, ಗಂಡಸರು. ನಾವೂ ನಮ್ಮ ನಡುಪುಟದಲ್ಲಿ ಹೆಣ್ಣಿನ ಚಿತ್ರ ಹಾಕಿಕೊಂಡೇ ಬಂದಿದ್ದೇವೆ. ಬಟ್ಟೆ ತೊಡಿಸಿದ್ದೇವೆ, ಅಷ್ಟೇ ವ್ಯತ್ಯಾಸ.

ಮುಂದಿನ ಸಂಚಿಕೆಗೆ ನಮ್ಮ ಕೇರಿಗಳ ಹೆಣ್ಣುಮಕ್ಕಳಿಂದ ಬರಹ ಕೇಳಿ ಕಾಗದ ಹಾಕಿದ್ದೇವೆ. ಬರೆಯಲು ಬಾರದವರು ಹೇಳಲಿ, ಬರೆದುಕೊಳ್ಳುತ್ತೇವೆ. ನಮ್ಮ ಬಗ್ಗೆ ಏನು ಹೇಳಿದರೂ ತಿದ್ದದೆ ಅಚ್ಚುಹಾಕುತ್ತೇವೆ. ಓದುವ ಸಂಗಾತಿಗಳು, ಮೇಷ್ಟ್ರುಗಳು ತಮ್ಮ ತಮ್ಮ ಮನೆಯಲ್ಲೇ ಇದನ್ನು ಶುರುಮಾಡಬಹುದು. ಬಿಳಿ ಅಂಗಿಯವನು ಈಗ ಊರಿಗೆ ಹೋದರೆ ಅಂಗಿಯನ್ನು ಟ್ರಂಕಿಗೆ ಹಾಕುವುದಿಲ್ಲ, ತೊಟ್ಟುಕೊಂಡೇ ಜಗಲಿಯ ಮುಂದೆ ನಡೆಯುತ್ತಾನೆ. ಹಿಂದಿನ ಸಂಜೆ ಕಾಲುವೆಗೆ ಹೋಗಿ ಅದನ್ನು ಅವನೇ ಒಗೆದಿರುತ್ತಾನೆ. “ಬುಡ್ಲಾ ಮಗ, ನಾ ಒಗಿತೀನಿ” ಅಂತ ಅವ್ವ ಮೊದಲ ಸಲ ಕೈಗೆ ಅಡ್ಡ ಬಂದಿದ್ದಳು. ಈಗ ಪಕ್ಕದ ಕಲ್ಲಿನ ಮೇಲೆ ಕೂತು, ಕಾಲರ್ ಸರಿಯಾಗಿ ಉಜ್ಜು ಅಂತ ಹೇಳಿಕೊಡುತ್ತಾಳೆ.